ಬೀದಿಯಲ್ಲಿ ನಾಯಿ ಮೈಮೇಲೆ ಬಂದರೆ: ಮನೆ ಬಿಡುವ ಮುಂಚಿನಿಂದ ಕೊನೆಯ ಇಂಜೆಕ್ಷನ್ ತನಕ

ಸಾಕುನಾಯಿಗಳ ಬಗ್ಗೆ ಏನೇ ಬರೆದರೂ ಓದುಗರು ಕೊನೆಗೆ ಕೇಳುವ ಪ್ರಶ್ನೆ ಒಂದೇ. ‘ನಮ್ಮ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋದರೆ ಬೀದಿನಾಯಿಗಳು ಮುತ್ತಿಕೊಳ್ಳುತ್ತವೆ, ಏನು ಮಾಡಲಿ?’ ಅದರ ಬೆನ್ನಿಗೇ ಇನ್ನೊಂದು: ‘ಮಗುವಿಗೆ ಸ್ವಲ್ಪ ಪರಚಿದೆ ಅಷ್ಟೇ, ಇಂಜೆಕ್ಷನ್ ಬೇಕಾ?’ ಇನ್ನು ಕೆಲವರದು ಪಕ್ಕದ ಮನೆಯ ನಾಯಿ ದಿನಾ ಗೇಟು ಹಾರಿ ಬರುತ್ತದೆ, ಯಾರಿಗೆ ಹೇಳೋದು ಎಂಬ ಗೋಳು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಬೆಂಗಳೂರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು ಇದು. 2023ರಲ್ಲಿ ಪಾಲಿಕೆ ಮಾಡಿದ ಲೆಕ್ಕದಲ್ಲಿ ಇಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು ಸಹಾಯವಾಣಿ ನಂಬರ್ ಮಾತ್ರ ಬದಲಾಯಿಸಿಕೊಂಡರೆ ಸಾಕು, ಉಳಿದದ್ದೆಲ್ಲ ಹಾಗೇ ಹೊಂದುತ್ತದೆ.

ಯಾವ ನಾಯಿ ಅಪಾಯಕಾರಿ ಅಂತ ಕೇಳಿದರೆ ನಾನು ತಳಿಯ ಹೆಸರು ಹೇಳುವುದಿಲ್ಲ. ಲಸಿಕೆ ಆಗದ ನಾಯಿ, ಮರಿ ಕಾಯುತ್ತಿರುವ ತಾಯಿ, ಗುಂಪು ಕಟ್ಟಿಕೊಂಡ ನಾಯಿಗಳು, ಗಾಯವಾಗಿ ನರಳುತ್ತಿರುವ ನಾಯಿ, ಬೆಲ್ಟ್ ಬಿಚ್ಚಿ ರಸ್ತೆಗೆ ಬಿಟ್ಟ ಸಾಕುನಾಯಿ. ಇಷ್ಟನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಆದಂತೆ.

ಕೈಯಲ್ಲಿ ಏನಿರಬೇಕು

ನಾಲ್ಕರಿಂದ ಆರು ಅಡಿಯ ಗಟ್ಟಿ ಲೀಶ್ ಬೇಕು. ಲೀಶ್ ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗ ಅಥವಾ ಪಟ್ಟಿ. ಬಟನ್ ಒತ್ತಿದರೆ ಉದ್ದವಾಗುತ್ತಾ ಹೋಗುವ ಲೀಶ್ ನಮ್ಮ ರಸ್ತೆಗಳಿಗೆ ಬೇಡ. ನಾಯಿ ಹದಿನೈದು ಅಡಿ ಮುಂದೆ ಹೋಗಿ ಇನ್ನೊಂದು ನಾಯಿಯ ಎದುರು ನಿಂತಾಗ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕತ್ತಿನ ಬೆಲ್ಟ್‌ಗಿಂತ ಎದೆ ಮತ್ತು ಬೆನ್ನು ಸುತ್ತಿ ಕಟ್ಟುವ ಹಾರ್ನೆಸ್ ವಾಸಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟ್ ತಲೆಯಿಂದ ಸಲೀಸಾಗಿ ಕಳಚಿಕೊಳ್ಳುತ್ತದೆ.

ಒಂದು ಬಟನ್ ಕೊಡೆ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೂ ಇರಲಿ. ಎದುರು ಬರುವ ನಾಯಿಯ ಮುಂದೆ ಪಟಕ್ಕನೆ ಬಿಚ್ಚಿದರೆ ಅದು ತಡೆದು ನಿಲ್ಲುತ್ತದೆ, ನಡುವೆ ಒಂದು ಗೋಡೆಯೂ ಆಗುತ್ತದೆ. ಆದರೆ ಮೊದಲು ಮನೆಯಲ್ಲೇ ನಿಮ್ಮ ನಾಯಿಯ ಮುಂದೆ ನಾಲ್ಕು ದಿನ ಬಿಚ್ಚಿ ಮುಚ್ಚಿ ರೂಢಿ ಮಾಡಿಸಿ. ಇಲ್ಲದಿದ್ದರೆ ಕೊಡೆಗೆ ಹೆದರಿ ಓಡುವುದು ನಿಮ್ಮದೇ ನಾಯಿ.

ಇವುಗಳ ಜೊತೆ ಒಂದು ಬಾಟಲ್ ನೀರು, ಸಣ್ಣ ಸೋಪಿನ ತುಂಡು, ಹಳೆಯ ಟವೆಲ್. ಫೋನಿನಲ್ಲಿ ಲಸಿಕೆ ಕಾರ್ಡಿನ ಫೋಟೊ, ನಿಮ್ಮ ಪಶುವೈದ್ಯರ ನಂಬರ್, ರಾತ್ರಿಯೂ ತೆರೆದಿರುವ ಒಂದು ಪೆಟ್ ಕ್ಲಿನಿಕ್‌ನ ನಂಬರ್, ಪಾಲಿಕೆಯ 1533, ತುರ್ತಿಗೆ 112. ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ: ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಫೋನ್ ಹಚ್ಚಿ ‘ರೇಬೀಸ್ ಲಸಿಕೆ ಇದೆಯಾ, ಇಮ್ಯುನೋಗ್ಲೋಬ್ಯುಲಿನ್ ಇದೆಯಾ’ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಎರಡನೆಯದು ಎಲ್ಲ ಕಡೆ ಇರುವುದಿಲ್ಲ. ಅದು ಏನು ಅಂತ 6ನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಮನೆಯ ಪ್ರಾಣಿಗೆ ಲಸಿಕೆ

ನಾಯಿಮರಿಗೆ ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ರೋಗಗಳ ವಿರುದ್ಧ ಮೊದಲ ಲಸಿಕೆ ಶುರುವಾಗುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಆಮೇಲೆ ಬೂಸ್ಟರ್, ಅಂದರೆ ಹಿಂದಿನ ಲಸಿಕೆಯ ಬಲ ಉಳಿಸುವ ಮರುಡೋಸ್. ನಂತರ ವೈದ್ಯರು ಬರೆದುಕೊಟ್ಟಂತೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ.

ಇಲ್ಲಿ ಜನ ಮಾಡುವ ತಪ್ಪು ಎರಡು. ‘ನಮ್ಮ ನಾಯಿ ಮನೆ ಬಿಟ್ಟು ಹೊರಗೆ ಹೋಗೋದೇ ಇಲ್ಲ’ ಅಂತ ಬಿಡುವುದು ಒಂದು. ಬೆಕ್ಕನ್ನು ಮರೆಯುವುದು ಇನ್ನೊಂದು. ಬೆಕ್ಕಿಗೂ ರೇಬೀಸ್ ಬರುತ್ತದೆ, ಅದು ಪರಚಿದರೂ ಕಚ್ಚಿದರೂ ಮನುಷ್ಯರಿಗೆ ದಾಟುತ್ತದೆ. ರಾತ್ರಿ ಹೊತ್ತು ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ, ಕಿಟಕಿಗೆ ಜಾಲರಿ ಹಾಕಿಸಿ. ಗುಂಪಿನ ನಾಯಿಗಳ ಕೈಗೆ ಸಿಕ್ಕ ಬೆಕ್ಕು ಉಳಿಯುವುದು ಅಪರೂಪ.

ಹಂತ 2: ನಿಮ್ಮ ಬೀದಿಯ ನಾಯಿಗಳನ್ನು ಪರಿಚಯ ಮಾಡಿಕೊಳ್ಳಿ

ಒಂದು ವಾರ ನಿಮ್ಮ ನಾಯಿಯನ್ನು ಮನೆಯಲ್ಲೇ ಬಿಟ್ಟು ಒಬ್ಬರೇ ಸುತ್ತಿ ನೋಡಿ. ಯಾವ ತಿರುವಿನಲ್ಲಿ ಎಷ್ಟು ನಾಯಿಗಳಿವೆ, ಯಾವುದು ಮುಂದಾಳು, ಯಾವ ಗೇಟಿನ ಹತ್ತಿರ ಮಲಗುತ್ತವೆ ಅಂತ ಗೊತ್ತಾಗುತ್ತದೆ. ಬೀದಿನಾಯಿಗಳು ಗಡಿ ಹಾಕಿಕೊಂಡು ಬದುಕುತ್ತವೆ. ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಒಂದು ಗುಂಪಿನ ಸೀಮೆ, ಆಚೆಗೆ ಬೇರೆಯವರದು. ನಿಮ್ಮ ನಾಯಿ ಅವುಗಳ ಲೆಕ್ಕದಲ್ಲಿ ಗಡಿ ದಾಟಿ ಬಂದ ಹೊಸಬ.

ಕಿವಿ ಗಮನಿಸಿ. ಒಂದು ಕಿವಿಯಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಸಣ್ಣ ಕಚ್ಚು ಇದ್ದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಆಗ ರೇಬೀಸ್ ಲಸಿಕೆಯನ್ನೂ ಕೊಟ್ಟಿರುತ್ತಾರೆ ಎಂದರ್ಥ. ಈ ಕಾರ್ಯಕ್ರಮವನ್ನೇ ಪಾಲಿಕೆಯವರು, ನಾಯಿ ಸಂಘಟನೆಯವರು ‘ಎಬಿಸಿ’ ಎಂದು ಕರೆಯುವುದು. ಕಿವಿಯಲ್ಲಿ ಗುರುತಿಲ್ಲದ ನಾಯಿಗಳನ್ನು ಎಣಿಸಿ ಬರೆದಿಡಿ. 8ನೇ ಹಂತದಲ್ಲಿ ಈ ಪಟ್ಟಿ ಬೇಕಾಗುತ್ತದೆ.

ಕೋಳಿ ಅಂಗಡಿಯ ಹಿಂಭಾಗ, ಕಸ ಸುರಿಯುವ ಮೂಲೆ, ಕಟ್ಟಡ ಕೆಲಸ ನಡೆಯುತ್ತಿರುವ ಸೈಟು, ಇವುಗಳ ಪಕ್ಕ ವಾಕಿಂಗ್ ಬೇಡ. ಮಳೆಗಾಲದ ಕೊನೆಯಿಂದ ಚಳಿಗಾಲದ ತನಕ ಮರಿ ಹಾಕಿದ ನಾಯಿಗಳು ಜಾಸ್ತಿ. ಚರಂಡಿ ಸ್ಲ್ಯಾಬಿನ ಕೆಳಗೆ, ನಿಂತ ಕಾರಿನ ಅಡಿ ಮರಿಗಳ ಕುಂಯ್‌ಗುಟ್ಟುವ ಸದ್ದು ಕೇಳಿದರೆ ಆ ರಸ್ತೆಯನ್ನು ಎರಡು ತಿಂಗಳು ಬಿಟ್ಟುಬಿಡಿ. ನಿನ್ನೆಯವರೆಗೆ ನಿಮ್ಮ ಕೈಯಿಂದ ಬಿಸ್ಕತ್ತು ತಿಂದ ತಾಯಿಯೇ ಇವತ್ತು ಮೈಮೇಲೆ ಬರಬಹುದು. ನಸುಕಿನಲ್ಲಿ, ರಾತ್ರಿ ಹತ್ತರ ಮೇಲೆ ಖಾಲಿ ರಸ್ತೆ ನಾಯಿಗಳದ್ದೇ ರಾಜ್ಯ. ಜನ ಓಡಾಡುವ ಹೊತ್ತಿಗೆ ಹೋಗುವುದು ಒಳ್ಳೆಯದು. ದೀಪಾವಳಿಯ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸಿ. ಪಟಾಕಿ ಸದ್ದಿಗೆ ಬೆದರಿದ ನಾಯಿ ಯಾರ ಮಾತೂ ಕೇಳುವುದಿಲ್ಲ.

ಹಂತ 3: ನಾಯಿಯ ಮೈ ಏನು ಹೇಳುತ್ತಿದೆ ನೋಡಿ

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಅನ್ನುವ ಗಾದೆಯನ್ನು ನಂಬಿಕೊಂಡು ಹೋಗಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳದೆಯೂ ಕಚ್ಚುತ್ತದೆ. ಬಾಯಿಗಿಂತ ಮೈ ನೋಡಿ.

ಮೈ ಸಡಿಲವಾಗಿ, ಬಾಲ ಸೊಂಟದ ಸಮೇತ ಅಲ್ಲಾಡುತ್ತಿದ್ದರೆ ಅದು ಸ್ನೇಹ. ಬಾಲ ಮೇಲಕ್ಕೆ ಸೆಟೆದು ತುದಿ ಮಾತ್ರ ಪಟಪಟ ಅಲ್ಲಾಡಿದರೆ ಸ್ನೇಹ ಅಲ್ಲ. ಬಾಲ ಅಲ್ಲಾಡಿಸಿತು ಅಂತ ಕೈ ಚಾಚಿ ಕಚ್ಚಿಸಿಕೊಂಡವರು ಬಹಳ ಮಂದಿ. ಇನ್ನು ಹೆದರಿದ ನಾಯಿ ತುಟಿ ನೆಕ್ಕಿಕೊಳ್ಳುತ್ತದೆ, ಸುಮ್ಮಸುಮ್ಮನೆ ಆಕಳಿಸುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿಭಾಗ ತೋರಿಸುತ್ತದೆ. ‘ದೂರ ಹೋಗು’ ಅನ್ನುವ ಮೊದಲ ವಿನಂತಿ ಅದು. ಅದನ್ನು ಕೇಳದಿದ್ದರೆ ಗುರುಗುಟ್ಟುವುದು, ತುಟಿ ಎತ್ತಿ ಹಲ್ಲು ತೋರಿಸುವುದು, ಬೆನ್ನ ಮೇಲಿನ ಕೂದಲು ನಿಮಿರುವುದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಓಡಾಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ನಿಂತು ದುರುಗುಟ್ಟಿ ನೋಡಿದಾಗ. ಅದರ ಮುಂದಿನ ಹೆಜ್ಜೆ ಕಚ್ಚುವುದು.

ಹುಚ್ಚು ಹಿಡಿದ ನಾಯಿಯ ಲಕ್ಷಣ ಬೇರೆ. ಕಲ್ಲು, ಕಟ್ಟಿಗೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಒಡೆದಿರುತ್ತದೆ, ಹಿಂಗಾಲು ತೂರಾಡುತ್ತದೆ. ಇದರಲ್ಲೇ ಮಂಕು ಬಡಿದ ಬಗೆ ಒಂದಿದೆ. ನಾಯಿ ಕತ್ತಲೆ ಮೂಲೆ ಸೇರುತ್ತದೆ, ಕೆಳದವಡೆ ಜೋತು ಬಾಯಿ ತೆರೆದೇ ಇರುತ್ತದೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅನ್ನಿಸುತ್ತದೆ. ಕರುಣೆಯಿಂದ ಬಾಯಿಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಅಂಥ ನಾಯಿ ಮನೆಯದೇ ಆಗಿರಲಿ, ಬೀದಿಯದೇ ಆಗಿರಲಿ, ಬಾಗಿಲು ಹಾಕಿ ದೂರ ನಿಂತು ಪಶುವೈದ್ಯರಿಗೆ ಫೋನ್ ಮಾಡಿ.

ಹಂತ 4: ಮೈಮೇಲೆ ಬಂದಾಗ

ಓಡಬೇಡಿ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ನಿಂತುಬಿಡಿ. ಕೈ ಮೈಗೆ ಅಂಟಿಕೊಂಡಿರಲಿ. ನಾಯಿಯ ಕಣ್ಣಲ್ಲಿ ಕಣ್ಣಿಡಬೇಡಿ, ಅದರ ಕಾಲಿನ ಕಡೆ ನೋಡಿ. ಬೆನ್ನು ಕೊಡದೆ, ಸ್ವಲ್ಪ ಓರೆಯಾಗಿ ನಿಧಾನಕ್ಕೆ ಹಿಂದೆ ಸರಿಯಿರಿ. ನಿಂತ ಕಾರು, ಗೇಟು, ಕಂಬ ಯಾವುದಾದರೂ ನಡುವೆ ಬರುವ ಹಾಗೆ ನೋಡಿಕೊಳ್ಳಿ. ‘ಹೋಗು’ ಅಂತ ಒಂದೇ ಸಲ ದಪ್ಪ ದನಿಯಲ್ಲಿ ಗದರಿಸಿದರೆ ಸಾಕು. ಕಿರುಚಿದರೆ ಅದರ ಉದ್ರೇಕ ಹೆಚ್ಚುತ್ತದೆ. ಹಾರಿಬಿಟ್ಟರೆ ಬ್ಯಾಗು, ಚಪ್ಪಲಿ, ಕೊಡೆ, ಹೆಲ್ಮೆಟ್ ಏನಾದರೂ ಅದರ ಬಾಯಿಗೆ ಕೊಡಿ. ಬಿದ್ದರೆ ಮುದುಡಿ ಮಲಗಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿ ಕಿವಿ ಮುಚ್ಚಿಕೊಳ್ಳಿ.

ಮಕ್ಕಳಿಗೆ ಇದನ್ನು ಆಟದ ಹಾಗೆ ಕಲಿಸಿ. ‘ಮರ ಆಗು’ ಅಂದರೆ ನೇರ ನಿಲ್ಲುವುದು, ‘ಕಲ್ಲು ಆಗು’ ಅಂದರೆ ಮುದುಡಿ ಮಲಗುವುದು. ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ, ಹಾಗಾಗಿ ಅವರಿಗೆ ಆಗುವ ಗಾಯ ಕೆಟ್ಟದ್ದಾಗಿರುತ್ತದೆ. ಇನ್ನೊಂದು ಮಾತನ್ನು ಇವತ್ತೇ ಮಗುವಿಗೆ ಹೇಳಿ: ‘ನಾಯಿ ಪರಚಿದರೂ ಬಂದು ಹೇಳು, ನಾನು ಬೈಯೋದಿಲ್ಲ.’ ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಟ್ಟ ಸಣ್ಣ ಗಾಯ ಜೀವವನ್ನೇ ತೆಗೆಯುತ್ತದೆ.

ಬೈಕಿನಲ್ಲಿದ್ದರೆ ವೇಗ ಹೆಚ್ಚಿಸಬೇಡಿ, ಕಾಲು ಬೀಸಬೇಡಿ. ನಿಧಾನ ಮಾಡಿ, ಬೇಕಾದರೆ ನಿಲ್ಲಿಸಿಯೇಬಿಡಿ. ಓಡುವ ಚಕ್ರ ನಿಂತರೆ ಬಹುಪಾಲು ನಾಯಿಗಳೂ ನಿಲ್ಲುತ್ತವೆ. ರಾತ್ರಿ ಊಟ ತಲುಪಿಸುವ ಡೆಲಿವರಿ ಹುಡುಗರಿಗೆ ಗೇಟಿನಲ್ಲೇ ಇದನ್ನು ಒಮ್ಮೆ ಹೇಳಿ. ನಾಯಿಗಿಂತ ಗಾಬರಿಯಲ್ಲಿ ಬಿದ್ದು ಆಗುವ ಪೆಟ್ಟೇ ಎಷ್ಟೋ ಸಲ ದೊಡ್ಡದು.

ಜೊತೆಯಲ್ಲಿ ನಿಮ್ಮ ನಾಯಿ ಇದ್ದರೆ ಅದನ್ನು ನಿಮ್ಮ ಹಿಂದಕ್ಕೆ ತನ್ನಿ, ಲೀಶ್ ಗಿಡ್ಡ ಮಾಡಿ, ಆದರೆ ಬಿಗಿ ಜಗ್ಗಬೇಡಿ. ಲೀಶ್ ಬಿಗಿಯಾದ ಕೂಡಲೇ ಅದಕ್ಕೂ ಕೋಪ ಏರುತ್ತದೆ. ಪುಟ್ಟ ನಾಯಿಯನ್ನು ಎತ್ತಿಕೊಳ್ಳಬೇಕಾದರೆ ಎದುರಿನ ನಾಯಿ ದೂರವಿದ್ದಾಗಲೇ ಎತ್ತಿಕೊಂಡು ಹೊರಡಿ. ಹತ್ತಿರ ಬಂದ ಮೇಲೆ ಎತ್ತಿದರೆ ಅದು ನಿಮ್ಮ ಎದೆಗೇ ಹಾರುತ್ತದೆ.

ಹಂತ 5: ನಾಯಿಗಳ ಜಗಳ ಬಿಡಿಸುವಾಗ

ನಡುವೆ ಕೈ ಹಾಕಬೇಡಿ. ಕತ್ತಿನ ಬೆಲ್ಟ್ ಹಿಡಿದು ಎಳೆಯಲೂ ಹೋಗಬೇಡಿ. ಜಗಳದ ಬಿಸಿಯಲ್ಲಿ ನಿಮ್ಮದೇ ನಾಯಿ ನಿಮ್ಮನ್ನು ಕಚ್ಚುತ್ತದೆ. ಬಕೆಟ್ ನೀರು ಮುಖಕ್ಕೆ ಎರಚಿ, ಟವೆಲ್ ಅಥವಾ ಕಂಬಳಿ ಮೇಲೆ ಎಸೆಯಿರಿ, ಹಲಗೆ ಅಥವಾ ಬಿಚ್ಚಿದ ಕೊಡೆಯನ್ನು ನಡುವೆ ತೂರಿಸಿ. ಹಲ್ಲು ಊರಿ ಹಿಡಿದಿರುವಾಗ ಎಳೆದರೆ ಮಾಂಸ ಹರಿಯುತ್ತದೆ, ಅದು ಬಿಡುವ ಹಾಗೆ ಮಾಡಿ ಆಮೇಲೆ ಬೇರೆ ಮಾಡಿ. ಎರಡೂ ಸಾಕುನಾಯಿಗಳಾಗಿದ್ದು ಇಬ್ಬರು ಯಜಮಾನರೂ ಇದ್ದರೆ, ಒಬ್ಬೊಬ್ಬರು ತಮ್ಮ ನಾಯಿಯ ಹಿಂಗಾಲು ಎತ್ತಿ ಒಂಟಿ ಚಕ್ರದ ಕೈಗಾಡಿಯ ಹಾಗೆ ಹಿಂದಕ್ಕೆ ನಡೆಸಬಹುದು. ಬೀದಿನಾಯಿಯ ಮೇಲೆ ಈ ಉಪಾಯ ಬೇಡ.

ಹಂತ 6: ಮನುಷ್ಯರಿಗೆ ಕಚ್ಚಿದರೆ

ಈ ಹಂತವನ್ನು ನಿಧಾನವಾಗಿ ಓದಿ. ರೇಬೀಸ್‌ನ ಲಕ್ಷಣ ಶುರುವಾದ ಮೇಲೆ ಬದುಕಿಸುವ ಔಷಧಿ ಇಲ್ಲ. ಅದಕ್ಕೂ ಮುಂಚೆ ಸರಿಯಾಗಿ ಚಿಕಿತ್ಸೆ ಮಾಡಿಸಿದರೆ ಆ ರೋಗ ಬರದಂತೆ ತಡೆಯಬಹುದು. ಅದಕ್ಕೇ ಇಲ್ಲಿ ಕ್ರಮ ತಪ್ಪಬಾರದು.

ಮೊದಲು ತೊಳೆಯಿರಿ. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ. ಫೋನಿನಲ್ಲಿ ಟೈಮರ್ ಇಡಿ, ಯಾಕೆಂದರೆ ಗಾಬರಿಯಲ್ಲಿ ಎರಡು ನಿಮಿಷವೇ ಹದಿನೈದರ ಹಾಗೆ ಕಾಣುತ್ತದೆ. ಈ ವೈರಸ್‌ನ ಮೈಮೇಲೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ. ಬರೀ ನೀರಿಗೆ ಆ ಶಕ್ತಿ ಇಲ್ಲ. ಮಾರ್ಕೆಟ್ಟಿನ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಸೋಪೇ ಸಾಕು. ತೊಳೆದ ಮೇಲೆ ಗಾಯದ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಔಷಧಿ ಇದ್ದರೆ ಹಚ್ಚಿ.

ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ ಏನನ್ನೂ ಗಾಯಕ್ಕೆ ಹಾಕಬೇಡಿ. ಬಿಗಿಯಾಗಿ ಕಟ್ಟು ಕಟ್ಟಬೇಡಿ. ನಾಟಿ ಔಷಧಿ, ತಾಯತ, ಮಂತ್ರ ಅಂತ ಒಂದು ದಿನವನ್ನೂ ಕಳೆಯಬೇಡಿ. ಮನೆಯ ಹಿರಿಯರ ಮನಸ್ಸಿಗೆ ಸಮಾಧಾನ ಬೇಕಾದರೆ ಆಸ್ಪತ್ರೆಯಿಂದ ಬಂದ ಮೇಲೆ ದೇವರಿಗೆ ಕೈ ಮುಗಿಯಲಿ.

ಆಮೇಲೆ ಅದೇ ದಿನ ಆಸ್ಪತ್ರೆಗೆ. ಡಾಕ್ಟರು ಗಾಯವನ್ನು ಮೂರು ವರ್ಗದಲ್ಲಿ ನೋಡುತ್ತಾರೆ:

• ಒಂದನೇ ವರ್ಗ: ನಾಯಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು. ಇದಕ್ಕೆ ಲಸಿಕೆ ಬೇಡ.
• ಎರಡನೇ ವರ್ಗ: ರಕ್ತ ಬಾರದ ಸಣ್ಣ ಪರಚು, ಹಲ್ಲು ತಾಗಿದ ಗುರುತು. ಲಸಿಕೆ ಬೇಕು.
• ಮೂರನೇ ವರ್ಗ: ಚರ್ಮ ತೂತಾಗಿ ರಕ್ತ ಬಂದದ್ದು, ಹಳೆಯ ಗಾಯದ ಮೇಲೆ, ಕಣ್ಣು ಅಥವಾ ಬಾಯಿಗೆ ಜೊಲ್ಲು ಬಿದ್ದದ್ದು. ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು.

ಈ ಇಮ್ಯುನೋಗ್ಲೋಬ್ಯುಲಿನ್ ಅಂದರೆ ರೋಗದ ವಿರುದ್ಧ ಹೋರಾಡುವ ಸಿದ್ಧ ಪ್ರತಿಕಾಯ. ಲಸಿಕೆ ಕೆಲಸ ಶುರು ಮಾಡಲು ಒಂದು ವಾರ ಮೇಲ್ಪಟ್ಟು ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ನರದೊಳಗೆ ಸೇರದಂತೆ ಗಾಯದ ಬಾಗಿಲಲ್ಲೇ ತಡೆಯುವುದು ಇದು. ಹಾಗಾಗಿ ಅದನ್ನು ಗಾಯದ ಒಳಗೆ ಮತ್ತು ಸುತ್ತಲೇ ಚುಚ್ಚಬೇಕು. ನೋವಾಗುತ್ತದೆ, ಆದರೂ ಸಹಿಸಿಕೊಳ್ಳಿ. ಪ್ರಮಾಣ ದೇಹದ ತೂಕದ ಮೇಲೆ ನಿಂತಿದೆ, ಆದ್ದರಿಂದ ತೂಕ ನೋಡಿಸಿ. ಮೊದಲ ದಿನ ಸಿಗದಿದ್ದರೆ ಬೇರೆ ಆಸ್ಪತ್ರೆ ಹುಡುಕಿ. ಲಸಿಕೆಯ ಮೊದಲ ಡೋಸ್ ಆದ ಏಳು ದಿನದೊಳಗೆ ಕೊಡಿಸಬಹುದು. ಮುಖ, ಕತ್ತು, ಕೈಬೆರಳಿಗೆ ಕಚ್ಚಿದ್ದರೆ ಒಂದು ಗಂಟೆಯನ್ನೂ ತಡ ಮಾಡಬೇಡಿ, ಅಲ್ಲಿ ನರಗಳು ದಟ್ಟವಾಗಿವೆ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಇನ್ನೂ ಹೋಗಿಲ್ಲ, ಅಲ್ವಾ? ಆ ಹಳೆಯ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಈಗ ಲಸಿಕೆ ತೋಳಿಗೆ, ಎಳೆ ಮಕ್ಕಳಿಗೆ ತೊಡೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕೊಡುತ್ತಾರೆ: 0, 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ 0, 3, 7, 14, 28. ಮೊದಲ ಡೋಸ್ ಕೊಟ್ಟ ದಿನವೇ ‘0’. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಗರ್ಭಿಣಿಯರೂ ಬಾಣಂತಿಯರೂ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಪಥ್ಯ ಏನೂ ಇಲ್ಲ. ಹಿಂದೆ ಪೂರ್ತಿ ಕೋರ್ಸ್ ಮುಗಿಸಿದ ಚೀಟಿ ಇದ್ದರೆ ಡಾಕ್ಟರಿಗೆ ತೋರಿಸಿ, ಸಾಮಾನ್ಯವಾಗಿ 0 ಮತ್ತು 3ನೇ ದಿನದ ಎರಡು ಡೋಸ್ ಸಾಕಾಗುತ್ತದೆ, ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಟೆಟನಸ್ ಇಂಜೆಕ್ಷನ್ ಬಗ್ಗೆಯೂ ಕೇಳಿ. ಗಾಯಕ್ಕೆ ತಕ್ಷಣ ಹೊಲಿಗೆ ಹಾಕಲು ಒತ್ತಾಯಿಸಬೇಡಿ.

ಅತಿ ಹೆಚ್ಚು ಎಡವುವುದು ಮೂರನೇ ಡೋಸ್ ಆದ ಮೇಲೆ. ಗಾಯ ಒಣಗಿರುತ್ತದೆ, ಕೆಲಸದ ಒತ್ತಡ, ‘ಇನ್ನೇನು ಬಿಡು’ ಅನ್ನಿಸುತ್ತದೆ. ರೇಬೀಸ್ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ನಂತರ ಕಾಣಿಸಿಕೊಳ್ಳುವ ರೋಗ. ಎಲ್ಲ ದಿನಾಂಕಗಳಿಗೂ ಮೊದಲ ದಿನವೇ ಅಲಾರಂ ಇಡಿ.

ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವುದು ಯಾಕೆ ಅಂತ ಕೇಳುತ್ತಾರೆ. ಜೊಲ್ಲಿನಲ್ಲಿ ವೈರಸ್ ಬಂದ ನಾಯಿ ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನವೂ ಚೆನ್ನಾಗಿದ್ದರೆ ಮುಂದಿನ ಡೋಸ್ ಬೇಕೋ ಬೇಡವೋ ಅಂತ ಡಾಕ್ಟರು ತೀರ್ಮಾನಿಸುತ್ತಾರೆ. ನಾಯಿ ಏನಾಗುತ್ತದೋ ನೋಡಿಕೊಂಡು ಲಸಿಕೆ ಶುರು ಮಾಡೋಣ ಎಂದು ಮಾತ್ರ ಕಾಯಬೇಡಿ. ನಾಯಿಯನ್ನು ಕೊಲ್ಲಲೂಬೇಡಿ, ಕೊಂದರೆ ಈ ಹತ್ತು ದಿನದ ಸುಳಿವೂ ಹೋಗುತ್ತದೆ, ಕಾನೂನಿನ ತೊಂದರೆಯೂ ಬರುತ್ತದೆ. ಅದು ತಾನಾಗಿ ಸತ್ತರೆ 1533ಕ್ಕೆ ಅಥವಾ ಪಶುವೈದ್ಯರಿಗೆ ತಿಳಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪತ್ತೆ ಮಾಡುವ ಲ್ಯಾಬ್ ಇದೆ.

ಹಂತ 7: ಸಾಕುಪ್ರಾಣಿಗೆ ಕಚ್ಚಿದರೆ

ಮೇಲೆ ಎರಡು ಸಣ್ಣ ತೂತು, ಒಳಗೆ ಹರಿದ ಮಾಂಸ. ನಾಯಿ ಕಡಿತದ ಗುಣವೇ ಇದು. ನಮ್ಮ ಮನೆಯ ನಾಯಿಗೆ ಹೀಗಾದಾಗ ಕಡಲೆಕಾಳಿನಷ್ಟು ಗಾಯ ನೋಡಿ ಮನೆಯಲ್ಲೇ ಮುಲಾಮು ಹಚ್ಚಿ ಮಲಗಿಸಿದೆವು. ಮರುದಿನ ಅದು ಏಳಲಿಲ್ಲ, ಚರ್ಮದ ಕೆಳಗೆ ಕೀವು ತುಂಬಿತ್ತು. ಅದು ಉಳಿಯಿತು, ಆದರೆ ಆ ಒಂದು ರಾತ್ರಿ ಕಾಯಿಸಿದ್ದಕ್ಕೆ ಈಗಲೂ ನೋವಿದೆ.

ಹಾಗಾಗಿ ಗಾಯ ಎಷ್ಟೇ ಸಣ್ಣದಿದ್ದರೂ ಅದೇ ದಿನ ವೈದ್ಯರ ಹತ್ತಿರ ಹೋಗಿ. ಕೈಗೆ ಗ್ಲೌಸ್ ಹಾಕಿಕೊಂಡು ಸೋಪು ನೀರಿನಿಂದ ತೊಳೆಯಿರಿ, ಬೇರೆ ನಾಯಿಯ ಜೊಲ್ಲು ಕೂದಲಿನಲ್ಲಿ ಇರುತ್ತದೆ. ನೋವಿನಲ್ಲಿ ನಿಮ್ಮನ್ನೇ ಕಚ್ಚಬಹುದು, ಟವೆಲ್ ಸುತ್ತಿ ಎತ್ತಿ. ಪುಟ್ಟ ನಾಯಿಯನ್ನು ದೊಡ್ಡದು ಕಚ್ಚಿ ಒದರಿದ್ದರೆ ಎದೆ, ಹೊಟ್ಟೆಯ ಒಳಗೆ ಪೆಟ್ಟಾಗಿರಬಹುದು. ಏದುಸಿರು, ಬಿಳುಚಿದ ಒಸಡು, ಉಬ್ಬಿದ ಹೊಟ್ಟೆ ಕಂಡರೆ ತಡ ಮಾಡಲೇಬಾರದು. ಪ್ರತಿವರ್ಷದ ಲಸಿಕೆ ಆಗಿದ್ದರೂ ರೇಬೀಸ್ ಬೂಸ್ಟರ್ ಕೇಳಿ. ಲಸಿಕೆ ಆಗಿರದಿದ್ದರೆ ವೈದ್ಯರು ಹೇಳುವ ಪೂರ್ತಿ ಕೋರ್ಸ್ ಮುಗಿಸಿ. ಮನುಷ್ಯರಿಗೆ ಕೊಡುವ ನೋವಿನ ಮಾತ್ರೆ ಕೊಡಬೇಡಿ, ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ.

ಹಂತ 8: ದೂರು ಯಾರಿಗೆ, ಹೇಗೆ

ಬೀದಿನಾಯಿ ಕಚ್ಚಿದ್ದರೆ ಬೆಂಗಳೂರಿನಲ್ಲಿ 1533ಕ್ಕೆ ಹೇಳಿ ದೂರಿನ ಸಂಖ್ಯೆ ಪಡೆಯಿರಿ. ‘ನಮ್ಮ ಏರಿಯಾದಲ್ಲಿ ನಾಯಿ ಕಾಟ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಜಾಗ, ಸಮಯ, ನಾಯಿಯ ಬಣ್ಣ, ಕಿವಿಯಲ್ಲಿ ಗುರುತು ಇದೆಯೋ ಇಲ್ಲವೋ, ಫೋಟೊ, ಇಷ್ಟಿರಲಿ. 2ನೇ ಹಂತದಲ್ಲಿ ಬರೆದ ಪಟ್ಟಿಯನ್ನು ಹಿಡಿದು ನಾಲ್ಕು ಮನೆಯವರು ಒಟ್ಟಿಗೆ ಸಹಿ ಹಾಕಿ ಕೊಟ್ಟರೆ ಬೇಗ ಕೆಲಸ ಆಗುತ್ತದೆ.

ಏನು ಕೇಳಬಹುದು ಅನ್ನುವುದೂ ಗೊತ್ತಿರಲಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿ, ಹಿಡಿದ ಜಾಗಕ್ಕೇ ಬಿಡಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದೇ ಕ್ರಮವನ್ನು ಉಳಿಸಿ, ರೇಬೀಸ್ ತಗುಲಿದ ಅಥವಾ ಶಂಕೆ ಇರುವ ನಾಯಿ ಹಾಗೂ ಆಕ್ರಮಣಕಾರಿ ನಾಯಿಯನ್ನು ಮಾತ್ರ ಮರಳಿ ಬಿಡಬಾರದು ಎಂದಿತು. ಅದೇ ವರ್ಷ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಅಲ್ಲಿಗೇ ವಾಪಸ್ ಬಿಡಬಾರದು ಎಂದಿತು. ನಿಮ್ಮ ದೂರು ಶಾಲೆಯ ಅಂಗಳದ್ದೋ, ಬೀದಿಯದ್ದೋ, ಪದೇ ಪದೇ ಕಚ್ಚುವ ಒಂದೇ ನಾಯಿಯದ್ದೋ ಅಂತ ಮೊದಲ ಸಾಲಿನಲ್ಲೇ ಬರೆಯಿರಿ.

ವಿಷ ಹಾಕುವುದು, ಚೀಲದಲ್ಲಿ ತುಂಬಿ ಬೇರೆ ಬಡಾವಣೆಗೆ ಬಿಟ್ಟು ಬರುವುದು ಬೇಡವೇ ಬೇಡ. ಪ್ರಾಣಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ಆಗಬಹುದು. ವಿಷದ ಮಾಂಸ ತಿನ್ನುವುದರಲ್ಲಿ ನಿಮ್ಮ ಪಕ್ಕದ ಮನೆಯ ನಾಯಿಯೂ ಇರುತ್ತದೆ. ಲಸಿಕೆ ಆದ ನಾಯಿಗಳು ಹೋದ ಜಾಗಕ್ಕೆ ಲಸಿಕೆ ಆಗದ ಹೊಸ ನಾಯಿಗಳು ಬಂದು ಸೇರುತ್ತವೆ.

ಕಚ್ಚಿದ್ದು ಯಾರೋ ಸಾಕಿದ ನಾಯಿಯಾದರೆ ಮೊದಲು ಲಸಿಕೆ ಕಾರ್ಡ್ ಕೇಳಿ, ಫೋಟೊ ತೆಗೆದುಕೊಳ್ಳಿ. ಆಸ್ಪತ್ರೆಯ ಚೀಟಿ, ಗಾಯದ ಫೋಟೊ, ಸಿಸಿಟಿವಿ ದೃಶ್ಯ ಎತ್ತಿಡಿ. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಅದೇ ದಿನ ಕೇಳಿ. ಮಾತಿನಲ್ಲಿ ಬಗೆಹರಿಯದಿದ್ದರೆ ಪೊಲೀಸ್ ಠಾಣೆ. ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವರಿಗೆ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಂತ 9: ನಿಮ್ಮ ನಾಯಿಯೇ ಜೋರಾಗಿದ್ದರೆ

ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಪ್ಪಿಕೊಳ್ಳಿ. ‘ಅದು ಏನೂ ಮಾಡಲ್ಲ’ ಅಂತ ಲಿಫ್ಟಿನಲ್ಲಿ ಹೇಳಬೇಡಿ. ಹೆದರಿದವರು ಇದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ. ಗೇಟಿನ ಚಿಲಕ ಮೂಗಿನಿಂದ ತಳ್ಳಿದರೆ ತೆರೆಯುವಂತಿದ್ದರೆ ಇವತ್ತೇ ಬದಲಾಯಿಸಿ. ಎತ್ತಿಗೆ ಒಕ್ಕಣೆ ಹೊತ್ತಿನಲ್ಲಿ ಹಾಕುವ ಬಾಯಿಕುಕ್ಕೆ ಇದೆಯಲ್ಲ, ಹಾಗೇ ನಾಯಿಗೂ ಬುಟ್ಟಿಯಂಥ ಮಜಲ್ ಸಿಗುತ್ತದೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದನ್ನೇ ಕೊಳ್ಳಿ. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ನಮ್ಮ ಬಿಸಿಲಿಗೆ ಅಪಾಯ.

ತಳಿಯ ಬಗ್ಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಸಾಕಣೆ ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಿಷೇಧ ರದ್ದಾಯಿತು ಅಂತ ಎರಡು ರೂಮಿನ ಮನೆಗೆ, ದಿನವಿಡೀ ಕಟ್ಟಿಹಾಕಲು ಅಂಥ ನಾಯಿ ತರಬೇಡಿ. ಯಾವ ತಳಿಯನ್ನೇ ಆದರೂ ಹಗಲಿಡೀ ಚೈನಿನಲ್ಲಿ ಕಟ್ಟಿದರೆ ಅದು ಸಿಡುಕುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಮೊದಲು ವೈದ್ಯರಿಗೆ ತೋರಿಸಿ, ಕಿವಿ ಅಥವಾ ಕೀಲು ನೋವು ಇರಬಹುದು.

ಹಂತ 10: ಬೀದಿಯವರೆಲ್ಲ ಸೇರಿ

ಊಟ ಹಾಕುವವರಿಗೂ ಹಾಕಬೇಡಿ ಅನ್ನುವವರಿಗೂ ನಡುವೆ ಜಗಳ ನಡೆಯುತ್ತಲೇ ಇರುತ್ತದೆ. ಆ ಜಗಳದಲ್ಲಿ ಲಸಿಕೆ ಹಾಕಿಸುವ ಕೆಲಸ ಹಾಗೇ ಉಳಿದುಬಿಡುತ್ತದೆ. 2023ರ ನಿಯಮದಲ್ಲೇ ದಾರಿ ಇದೆ. ನಿವಾಸಿಗಳ ಸಂಘ ಊಟ ಹಾಕಲು ಒಂದು ಜಾಗ ಗೊತ್ತು ಮಾಡಬೇಕು. ಅದು ಮಕ್ಕಳ ಆಟದ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರವಿರಬೇಕು. ಮಕ್ಕಳು, ವಯಸ್ಸಾದವರು ಓಡಾಡುವ ಹೊತ್ತು ತಪ್ಪಿಸಬೇಕು. ಊಟ ಹಾಕಿದವರೇ ಉಳಿದದ್ದನ್ನು ಗುಡಿಸಬೇಕು. ಹಸಿ ಕಸವನ್ನು ರಾತ್ರಿ ಗೇಟಿನ ಹೊರಗೆ ಇಡದೆ ಬೆಳಿಗ್ಗೆ ಗಾಡಿ ಬಂದಾಗ ಕೊಡಿ.

ಲಸಿಕೆ ತಂಡ ಬರುವ ದಿನ ಊಟ ಹಾಕುವವರನ್ನು ಜೊತೆಗೆ ಕರೆದುಕೊಳ್ಳಿ. ಬಲೆ ಕಂಡರೆ ಮೂರು ಬೀದಿ ದಾಟಿ ಓಡುವ ನಾಯಿ, ದಿನಾ ಅನ್ನ ಹಾಕುವ ಅಕ್ಕ ಹೆಸರು ಹಿಡಿದು ಕರೆದರೆ ಬಾಲ ಮುದುರಿಕೊಂಡಾದರೂ ಹತ್ತಿರ ಬರುತ್ತದೆ. ಅವರು ತಲೆ ಸವರುತ್ತಿರುವಾಗಲೇ ಇಂಜೆಕ್ಷನ್ ಮುಗಿದಿರುತ್ತದೆ. ಯಾವ ನಾಯಿಗೆ ಯಾವ ದಿನ ಆಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದು ಸಂಘದ ಕಚೇರಿಯಲ್ಲೋ, ಮೂಲೆ ಅಂಗಡಿಯಲ್ಲೋ ಇಡಿ. ಮುಂದೆ ಯಾರಿಗಾದರೂ ಕಚ್ಚಿದಾಗ ಡಾಕ್ಟರು ಮೊದಲು ಕೇಳುವ ಪ್ರಶ್ನೆಗೆ ಉತ್ತರ ಆ ಪುಟದಲ್ಲಿರುತ್ತದೆ.